ನೀಲಿ ಟಬ್ಬಿನ ಬಿಡುಗಡೆ ಕುರಿತು ಮೇಲ್ಮನವಿ

ಇಂದ,
ಗಂಗಾದೇವಿ, ವಯಸ್ಸು ೨೮, ಮೂಲ ಊರು ಕುಷ್ಟಗಿ ಹತ್ತಿರದ ಹಳ್ಳಿ,
‘ಪುಟಾಣಿ ಮನೆ’ ಶಿಶುಪಾಲನಾ ಕೇಂದ್ರದ ಒಡತಿ, ಆಯಾ, ಅಡುಗೆಯವಳು ಮತ್ತು ಕಾವಲುಗಾರ್ತಿ,
ನೆಲಮಹಡಿ, ಕೆಂಪಾಪುರ, ಬೆಂಗಳೂರು.

ಗೆ,
ಶ್ರೀಮತಿ ಮುನಿನಾರಾಯಣಮ್ಮನವರು,
ಮೇಲ್ಮನವಿ ಪ್ರಾಧಿಕಾರ,
ಮೊದಲನೇ ಮಹಡಿ, ಅದೇ ಕಟ್ಟಡ.

ವಿಷಯ: ತಮ್ಮ ಯಜಮಾನರು ವಶಪಡಿಸಿಕೊಂಡಿರುವ ನೀಲಿ ಟಬ್ಬನ್ನು ಬಿಡಿಸಿಕೊಡುವ ಬಗ್ಗೆ, ಐದು ಮಕ್ಕಳ ನೀರಾಟವನ್ನು ಮತ್ತೆ ಆರಂಭಿಸುವ ಬಗ್ಗೆ, ಹಾಗೂ ಇಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಯೊಂದು ಮೂರನೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ:
೧. ಮಂಗಳವಾರ ಸಂಜೆ ಮಾಲೀಕರಾದ ಶ್ರೀ ಮುನಿಆಂಜಿನಪ್ಪನವರು ಗೇಟಿನ ಬಳಿ ನಿಂತು, ಎದುರುಮನೆಯವರಿಗೂ ಕೇಳುವಂತೆ ಹೊರಡಿಸಿದ ಮೌಖಿಕ ಆದೇಶ.
೨. ಮೋಟಾರ್ ರೂಮಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ ನೋಟಿಸು: “ನೀರು ಆಟದ ಸಾಮಾನಲ್ಲ.”
೩. ಬುಧವಾರ ಅರ್ಜಿದಾರಳು ಮಾಲೀಕರಿಗೆ ಕೊಟ್ಟ ಅರ್ಜಿ, “ತಿರಸ್ಕರಿಸಿದೆ” ಎಂಬ ಷರಾದೊಂದಿಗೆ ಹತ್ತು ನಿಮಿಷದಲ್ಲಿ ವಾಪಸು ಬಂದದ್ದು.
೪. ಗುರುವಾರ ಬೆಳಿಗ್ಗೆ ಕಟ್ಟಡದ ಹಿಂಭಾಗದಲ್ಲಿ ಮಾತ್ರ ಬಿದ್ದ ಮಳೆ.

ಮಾನ್ಯರೇ,

೧. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರಳು ತಮ್ಮ ಕಟ್ಟಡದ ನೆಲಮಹಡಿಯಲ್ಲಿ ಎರಡರಿಂದ ನಾಲ್ಕು ವರ್ಷದ ಐದು ಮಕ್ಕಳನ್ನು, ಅವರ ತಾಯಂದಿರು ಕೆಲಸದಿಂದ ಬರುವವರೆಗೆ ನೋಡಿಕೊಳ್ಳುತ್ತಿರುವುದು ತಮಗೆ ತಿಳಿದೇ ಇದೆ. ತಿಳಿದಿರುವುದನ್ನೇ ಮತ್ತೆ ತಿಳಿಸುವುದು ಅರ್ಜಿಯ ಪದ್ಧತಿಯಾದ ಕಾರಣ ತಿಳಿಸಲಾಗಿದೆ. ದಿನಾ ಬೆಳಿಗ್ಗೆ ಹತ್ತಕ್ಕೆ ಗೇಟಿನ ಪಕ್ಕದ ನೆರಳಿನಲ್ಲಿ ಸದರಿ ಟಬ್ಬನ್ನಿಟ್ಟು, ಗೇಣಿಗಿಂತ ಕಡಿಮೆ ನೀರು ತುಂಬಿ, ಮಕ್ಕಳಿಗೆ ಎರಡು ಚೊಂಬು, ಒಂದು ಟೀ ಸೋಸುವ ಜರಡಿ, ಎಣ್ಣೆ ಹುಯ್ಯುವ ಲಾಳಿಕೆ ಮತ್ತು ಒಂದು ಇಡ್ಲಿ ತಟ್ಟೆಯನ್ನು ಕೊಡಲಾಗುತ್ತಿತ್ತು. ಆ ಮುಕ್ಕಾಲು ಗಂಟೆ ಅರ್ಜಿದಾರಳು ಟಬ್ಬಿನ ಪಕ್ಕದಿಂದ ಏಳುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಎರಡು ಸಲ ಕೊರಿಯರ್‌ನವನು ಕೂಗಿ ಕೂಗಿ ವಾಪಸು ಹೋಗಿದ್ದಾನೆ. ಆ ಮುಕ್ಕಾಲು ಗಂಟೆ ಯಾರೂ ಯಾರನ್ನೂ ಕಚ್ಚುವುದಿಲ್ಲ. ಶಿಶುಪಾಲನೆಯಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಅರ್ಜಿದಾರಳಿಗೆ ಗೊತ್ತಿಲ್ಲ.

ಆಟ ಮುಗಿದ ನೀರು ಮಾಲೀಕರ ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು. ಗಿಡ ಹಾಗೆ ಬೆಳೆದದ್ದು ತಾವು ಹಾಕಿದ ಗೊಬ್ಬರದಿಂದ ಎಂದು ಮಾಲೀಕರು ಎದುರುಮನೆಯವರಿಗೆ ಹೇಳಿದ್ದನ್ನು ಅರ್ಜಿದಾರಳು ಕಿವಿಯಾರೆ ಕೇಳಿದ್ದಾಳೆ. ಆಕ್ಷೇಪಿಸಿಲ್ಲ.

ಐದು ಮಕ್ಕಳಲ್ಲದೆ ಈ ಟಬ್ಬಿಗೆ ಆರನೆಯ ಫಲಾನುಭವಿಯೊಬ್ಬರಿದ್ದರು. ಮಕ್ಕಳು ಎದ್ದ ಮೇಲೆ, ನೀರು ಚೆಲ್ಲುವ ಮೊದಲು, ಒಡೆದ ಹಿಮ್ಮಡಿಗಳನ್ನು ಅದರಲ್ಲಿಟ್ಟು “ಅಬ್ಬಾ ಸಿವನೇ” ಎನ್ನುತ್ತಾ ಕಾಲು ಗಂಟೆ ಕೂರುತ್ತಿದ್ದವರು ಯಾರೆಂದು ಮೇಲ್ಮನವಿ ಪ್ರಾಧಿಕಾರಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

೨. ಮಾಲೀಕರು ಎಲ್ಲದಕ್ಕೂ ಅರ್ಜಿ ಕೇಳುವುದರ ಹಿನ್ನೆಲೆ. ಅವರು ಮೂವತ್ತೊಂದು ವರ್ಷ ನೀರು ಬಿಡುವ ಕೆಲಸದಲ್ಲಿದ್ದವರು. ಟಿ ಆಕಾರದ ಉದ್ದನೆಯ ಕಬ್ಬಿಣ ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿಯ ವಾಲ್ವ್ ತಿರುಗಿಸಿದವರು. ಆ ಅಷ್ಟೂ ವರ್ಷ ಜನ ಅವರ ಕೈಗೆ ಅರ್ಜಿ ತುರುಕಿದರು. ಅವರು ಅದನ್ನು ಆಫೀಸಿನವರಿಗೆ ಕೊಟ್ಟರು, ಆಫೀಸಿನವರು ಎಲ್ಲಿಟ್ಟರೋ ಅವರಿಗೇ ಗೊತ್ತು. ನಿವೃತ್ತಿಯಾದ ಮೇಲೆ ಮಾಲೀಕರಿಗೆ ಮಂಜೂರು ಮಾಡುವ ಅಧಿಕಾರ ಬಂದಿರುವುದು ಈ ಮೂರು ಮಹಡಿಗಳ ಮೇಲೆ ಮಾತ್ರ. ಬಚ್ಚಲಿನ ಬಲ್ಬಿಗೂ ಅರ್ಜಿ, ಬಟ್ಟೆ ಹಗ್ಗಕ್ಕೂ ಅರ್ಜಿ. ಬಿಸ್ಕತ್ತಿನ ಡಬ್ಬಿಯೇ ಕಡತ. ಅರ್ಜಿದಾರಳಿಗೆ ಇದರಲ್ಲಿ ತಕರಾರಿಲ್ಲ. ಬರೆದು ಕೊಟ್ಟರೆ ಬಲ್ಬಂತೂ ಬರುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲೇ ದಾಖಲಿಸಬೇಕು. ಯುಗಾದಿಗೆ ಮೊದಲು ಒಂದು ದಿನ ಮಾಲೀಕರು ಮೂರು ವರ್ಷದ ಜೀಷಾನನನ್ನು ಕರೆದು, ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಗೋಡೆಯ ಪೈಪಿಗೂ ಇನ್ನೊಂದನ್ನು ಅವನ ಕಿವಿಗೂ ಇಟ್ಟು, “ಕೇಳುಸ್ತದಾ? ಅದೇ ಕಣ್ಲಾ ನೀರು ಬರೋ ಸದ್ದು” ಎಂದಿದ್ದರು. ಅಂದಿನಿಂದ ಜೀಷಾನ್ ಸಾರಿನ ಸೌಟನ್ನು ಸಿಕ್ಕವರ ಹೊಟ್ಟೆಗೆ ಇಟ್ಟು ಕಿವಿಗೊಟ್ಟು, “ನೀರ್ ಬಂತು” ಎಂದು ಘೋಷಿಸುತ್ತಿದ್ದಾನೆ. ಅವನ ಅಮ್ಮ ಇದನ್ನು ಡಾಕ್ಟರಾಗುವ ಲಕ್ಷಣವೆಂದು ತಿಳಿದಿದ್ದಾರೆ. ಅರ್ಜಿದಾರಳು ತಿದ್ದಲು ಹೋಗಿಲ್ಲ.

೩. ಮಂಗಳವಾರ ಸಂಜೆ ಮೂರೂ ಮಹಡಿಯ ನಲ್ಲಿಗಳು ಗೊರಗೊರ ಎಂದು ನಿಂತುಹೋದವು. ನೆಲದಡಿಯ ಸಂಪಿನಲ್ಲಿ ತಳ ಕಂಡಿತ್ತು. ಮಾಲೀಕರು ಗೇಟಿನ ಬಳಿ ಬಂದು ಟಬ್ಬನ್ನು ಒಂದೇ ಕೈಯಲ್ಲಿ ಎತ್ತಿಕೊಂಡರು.

“ಏನಮ್ಮಾ, ಎಸ್ರೇ ಗಂಗೆ ಅಂತ ಮಡೀಕಂಡಿದ್ದೀಯ. ಇನ್ನ ಸಂಪ್ನಾಗೆ ನೀರು ಉಳೀತದಾ?”

“ಅಜ್ಜಾರ, ಇದರಾಗ ಹಿಡಿಯೂದ ಒಂದೂವರಿ ಕೊಡ ನೀರ್ರೀ. ಇಷ್ಟಕ್ಕ ಸಂಪು ಹೆಂಗ ಬರಿದಾಕ್ಕೈತ್ರೀ?”

“ನಂಗೇ ಯೋಳ್ಕೊಡ್ತೀಯ? ಮೂವತ್ತೊಂದ್ ವರ್ಸ ವಾಲ್ ತಿರುಗ್ಸಿದೋನು ಕಣಮ್ಮಾ ನಾನು! ನೀರು ಎಲ್ಲಿಂದ ಎಲ್ಲಿಗೋಯ್ತದೆ ಅಂತ ಕಣ್ ಮುಚ್ಕಂಡ್ ಯೋಳ್ತೀನಿ. ಇನ್ನೊಂದ್ ಕಿತ ಐಕಳನ್ನ ನೀರಿಗಿಳಿಸ್ದೆ ಅಂದ್ರೆ, ತಿಂಗ್ಳೊಳಗೆ ಮನೆ ಖಾಲಿ.”

ಆಗ ಅಲ್ಲೇ ಇದ್ದ ನಾಲ್ಕು ವರ್ಷದ ಹರ್ಷಿತಾ, “ತಾತಾ, ಅದು ನಮ್ ಟಬ್ಬು” ಎಂದಳು.

“ಇವತ್ತಿಂದ ನಂದು.”

“ನಿಮಗ್ ಅದ್ರಲ್ಲಿ ಕೂತ್ಕೊಳಕ್ಕಾಗಲ್ಲ. ನೀವು ದಪ್ಪ.”

ಈ ಮಾತು ಅರ್ಜಿದಾರಳ ಪ್ರಕರಣಕ್ಕೆ ಅನುಕೂಲವಾಗಲಿಲ್ಲ. ಟಬ್ಬು ಮೋಟಾರ್ ರೂಮು ಸೇರಿತು, ಬೀಗ ಬಿತ್ತು.

೪. ಅರ್ಜಿದಾರಳಿಗೆ ನೀರಿನ ಬೆಲೆ ಗೊತ್ತಿಲ್ಲವೆಂಬ ಆರೋಪಕ್ಕೆ ಉತ್ತರ. ಆಕೆಯ ಊರಿನಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಮಿಂದ ನೀರಿನಲ್ಲಿ ಬಟ್ಟೆ, ಬಟ್ಟೆಯ ನೀರಿನಲ್ಲಿ ಅಂಗಳ. ಹಾಸ್ಟೆಲಿನಲ್ಲಿ ಒಂದು ಬಕೆಟ್ಟಿಗಾಗಿ ಸಾಲಿನಲ್ಲಿ ನಿಂತು ಕಾದಂಬರಿಗಳನ್ನು ಓದಿ ಮುಗಿಸಿದ್ದಾಳೆ. ನೀರು ಚೆಲ್ಲುವ ಸುಖವೇ ಗೊತ್ತಿಲ್ಲದೆ ಬೆಳೆದವಳು, ಐದು ಮಕ್ಕಳಿಗೆ ಒಂದು ಗೇಣೂ ಇಲ್ಲದ ನೀರಿನಲ್ಲಿ ಅದನ್ನು ತೋರಿಸಲು ಹೋಗಿ ಸಿಕ್ಕಿಬಿದ್ದಿದ್ದಾಳೆ, ಅಷ್ಟೆ.

ಟಬ್ಬಿನ ಅಳತೆಯನ್ನು ಮಕ್ಕಳ ಸಮಕ್ಷಮದಲ್ಲಿ ಚೊಂಬಿನಿಂದ ಹಿಂದೆಯೇ ಮಾಡಲಾಗಿತ್ತು. ಎಣಿಸುವ ಹೊಣೆ ಹೊತ್ತ ಅಕ್ಷಯಾ (ಎರಡೂವರೆ ವರ್ಷ) “ಒಂದು, ಎರಡು, ಮೂರು, ಎರಡು” ಎಂದು ಹಿಂದಕ್ಕೆ ಬರುತ್ತಿದ್ದುದರಿಂದ ಅಂತಿಮ ವರದಿ ಲಭ್ಯವಿಲ್ಲ.

೫. ಟಬ್ಬಿಲ್ಲದ ಎರಡು ದಿನಗಳ ಸ್ಥಿತಿ: ಮೂರು ಕಚ್ಚು, ಒಂದು ಪರಚು. ಜೀಷಾನ್ ತಿಳಿಸಾರನ್ನು ಲಾಳಿಕೆಯಲ್ಲಿ ಹುಯ್ದು ಅಕ್ಷಯಾಳ ಬೂಟಿಗೆ ತುಂಬಿಸಿದ. ಮಲಗುವ ಹೊತ್ತಿಗೆ ಯಾರೂ ಮಲಗಲಿಲ್ಲ. ಹರ್ಷಿತಾಳ ಅಮ್ಮ ಕೇಳಿಯೇಬಿಟ್ಟರು, “ಏನ್ ಗಂಗಾ, ಇವ್ಳು ಮನೇಲಿ ರಾತ್ರಿ ಎಲ್ಲಾ ಟಬ್ಬು ಟಬ್ಬು ಅಂತಾಳೆ, ಏನ್ ಸಮಾಚಾರ?” ಇಬ್ಬರು ತಾಯಂದಿರು ಸಹಕಾರನಗರದಲ್ಲಿ ಬೇರೆ ಜಾಗ ನೋಡುತ್ತಿರುವ ಸುದ್ದಿ ಇದೆ. ಐದರಲ್ಲಿ ಎರಡು ಹೋದರೆ ಪುಟಾಣಿ ಮನೆಗೆ ಬಾಗಿಲು ಹಾಕಬೇಕಾಗುತ್ತದೆ. ಇದು ಬೆದರಿಕೆಯಲ್ಲ, ವಸ್ತುಸ್ಥಿತಿ.

೬. ಗುರುವಾರದ ಮಳೆ. ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಜೀಷಾನ್ ಹಿಂಬಾಗಿಲಿನಿಂದ ಓಡಿಬಂದ.

“ಟೀಚರ್, ಹಿಂದೆ ಮಳೆ ಬರ್ತಾ ಇದೆ!”

“ಸುಳ್ಳ ಹೇಳಬ್ಯಾಡಲೇ. ಬಿಸಲ ಹೆಂಗೈತಿ ನೋಡು.”

ಏಪ್ರಿಲ್ ತಿಂಗಳು, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಆದರೂ ಹಿಂದಿನ ಓಣಿಯಲ್ಲಿ, ತಾರಸಿಯ ಟ್ಯಾಂಕ್ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಪೈಪಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು. ಉಳಿದ ನಾಲ್ಕು ಮಕ್ಕಳು ಅದರಡಿ ಬಾಯಿ ತೆರೆದು ನಿಂತಿದ್ದವು. ನೀರು ಗೋಡೆಗುಂಟ ಹರಿದು ನೇರ ಮೋರಿಗೆ ಹೋಗುತ್ತಿತ್ತು. ಅರ್ಜಿದಾರಳು ಫೋನ್ ತೆಗೆದು ಫೋಟೋ ಹೊಡೆದಳು. ಅಷ್ಟರಲ್ಲಿ ತಾವು ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಳಿದು ಬಂದು, ಸೊಂಟದ ಬೀಗದ ಕೈಯಿಂದ ಮೋಟಾರ್ ರೂಮು ತೆಗೆದು ಸ್ವಿಚ್ಚು ಆರಿಸಿದಿರಿ. ಮಳೆ ನಿಂತಿತು. ತಾವು ಮೆಟ್ಟಿಲ ಮೇಲೆ ಕೂತು ಹೇಳಿದ್ದನ್ನು ತಮ್ಮ ಗಮನಕ್ಕೇ ತರಲಾಗಿದೆ.

“ಯಾರ್ಗೂ ಯೋಳ್ಬ್ಯಾಡ ಕಣವ್ವಾ. ನಮ್ ಯಜಮಾನ್ರು ಮೋಟ್ರು ಆಕ್ತಾರೆ, ಟೀ ಕುಡಿಯಾಕ್ ಓಯ್ತಾರೆ, ಮರ್ತೋಯ್ತಾರೆ. ದಿನಾ ನಾನೇ ಇಳ್ದು ಆಫ್ ಮಾಡ್ತೀನಿ. ಮಂಗ್ಳವಾರ ಒತ್ತಾರೆ ಸಂಘಕ್ಕೋಗಿದ್ದೆ, ಅದ್ಕೇ ಸಂಪೆಲ್ಲಾ ಮೋರಿಗೋಯ್ತು. ಟ್ಯಾಂಕ್ನಾಗಿದ್ದಿದ್ದು ಸಂಜೀಕೆ ಮುಗೀತು.”

“ಅಜ್ಜಾರಿಗೆ ಗೊತ್ತೈತೇನ್ರೀ?”

“ಗೊತ್ತಿಲ್ಲ. ಗೊತ್ತಾಗ್ಲೂಬಾರ್ದು. ಓದ್ವಾರ ಟೀ ಅಂಗ್ಡಿ ಚಿಕ್ಕಮುನಿಯಪ್ಪನ ಎಸ್ರು ಬಾಯಿಗೆ ಬರ್ಲಿಲ್ಲ, ಅಷ್ಟಕ್ಕೇ ಎಲ್ಡ್ ದಿನ ಮುದ್ದೆ ಮುರೀಲಿಲ್ಲ ಅವ್ರು. ಇನ್ನ ನೀರು ನಿಲ್ಸಾದೇ ಮರ್ತೋಯ್ತು ಅಂತ ತಿಳಿದ್ರೆ...”

ಅಷ್ಟು ಹೇಳಿ ತಾವು ಎದ್ದು, ನಿಂತಿದ್ದ ನೀರಿನಲ್ಲಿ ಚಪ್ಪಲಿ ತೊಳೆದುಕೊಂಡಿರಿ.

ತಾನೇ ನಿಲ್ಲುವ ಮೋಟಾರ್ ಯಂತ್ರ ಹಾಕಿಸಬಹುದಲ್ಲ ಎಂದು ಅರ್ಜಿದಾರಳು ಕೇಳಿದ್ದಕ್ಕೆ, ಎರಡನೇ ಮಹಡಿಯವರು ಆಗಲೇ ಕೇಳಿದ್ದರೆಂದೂ “ನಾನಿರುವಾಗ ಮಿಸೀನ್ ಯಾಕೆ” ಎಂಬ ಉತ್ತರ ಮಾಲೀಕರಿಂದ ಬಂದಿತ್ತೆಂದೂ ತಾವು ತಿಳಿಸಿದಿರಿ.

೭. ಹೀಗಿರುವ ಕಾರಣ, ಅರ್ಜಿದಾರಳ ಕೈಯಲ್ಲಿ ಸಮಯ ನಮೂದಾದ ಸಾಕ್ಷ್ಯವಿತ್ತು. ಮಾಲೀಕರ ಮುಖದ ಮುಂದೆ ಹಿಡಿದಿದ್ದರೆ ಒಂದು ನಿಮಿಷದಲ್ಲಿ ಟಬ್ಬು ವಾಪಸು ಬರುತ್ತಿತ್ತು. ಹಿಡಿದಿಲ್ಲ. ಇದನ್ನು ಕರುಣೆಯೆಂದು ತಿಳಿಯಬಾರದು. ಮಾಲೀಕರು ಕುಗ್ಗಿ ಕೂತರೆ ಕಟ್ಟಡದ ಉಸ್ತುವಾರಿ ತಮ್ಮ ಮಗ ಪುನೀತ್ ಅವರಿಗೆ ಹೋಗುತ್ತದೆ, ಅವರು ನೆಲಮಹಡಿಯನ್ನು ಕಾರು ನಿಲ್ಲಿಸುವ ಜಾಗ ಮಾಡುವ ಮಾತನ್ನು ಎರಡು ಸಲ ಆಡಿದ್ದಾರೆ. ಬಲ್ಬಿಗೆ ಅರ್ಜಿ ಕೇಳುವ ಮಾಲೀಕರೇ ವಾಸಿ. ಅಲ್ಲದೆ, ಅವರು ಸಲಾಕೆ ಹಿಡಿದು ಕಿವಿಗೊಟ್ಟಾಗ ಜೀಷಾನ್ ಐದು ನಿಮಿಷ ಅಲುಗಾಡದೆ ನಿಂತಿದ್ದ. ಅರ್ಜಿದಾರಳು ಒಂದು ವರ್ಷದಿಂದ ಪ್ರಯತ್ನಿಸಿಯೂ ಅವನನ್ನು ಒಂದು ನಿಮಿಷ ನಿಲ್ಲಿಸಲಾಗಿಲ್ಲ. ಫೋಟೋ ಅಳಿಸಲಾಗಿದೆ.

ಆದ್ದರಿಂದ, ಈ ಕೆಳಗಿನಂತೆ ಕ್ರಮ ಕೈಗೊಳ್ಳಬೇಕಾಗಿ ಕೋರಿದೆ:

(ಅ) ಲಗತ್ತಿಸಿದ ಹೊಸ ಅರ್ಜಿಯನ್ನು, ಇಂದು ಮಧ್ಯಾಹ್ನ ಮಾಲೀಕರು ಮುದ್ದೆ ಉಂಡು ಕೈ ತೊಳೆದ ಮೇಲೆ, ಕನ್ನಡಕ ಸಮೇತ ಅವರ ಕೈಗೆ ಕೊಡುವುದು.

(ಆ) ಅವರು ಓದುವಾಗ ತಾವು ನಗದಿರುವುದು, ಅಳದಿರುವುದು.

(ಇ) ಮಾಲೀಕರನ್ನು ಡಾಕ್ಟರಿಗೆ ತೋರಿಸುವ ವಿಷಯವನ್ನು ಮುಂದಕ್ಕೆ ಹಾಕದಿರುವುದು. ತಮ್ಮ ಮಂಡಿನೋವಿಗೆಂದು ಹೇಳಿ ಅವರನ್ನು ಹೊರಡಿಸಿ. ಹೆಬ್ಬಾಳದವರೆಗೆ ಆಟೋ ಹಿಡಿಯಲು ಅರ್ಜಿದಾರಳು ಬರುತ್ತಾಳೆ, ಮಕ್ಕಳಿಗೆ ರಜೆ ಇರುವ ಭಾನುವಾರ ಬಿಟ್ಟು ಬೇರೆ ದಿನ ಆಗದು.

(ಈ) ಈ ಮೇಲ್ಮನವಿಯನ್ನು ಓದಿದ ಕೂಡಲೇ ನೀರೊಲೆಗೆ ಹಾಕುವುದು. ಬಿಸ್ಕತ್ತಿನ ಡಬ್ಬಿಗೆ ಸೇರಿಸಬಾರದು.

ತಮ್ಮ ವಿಶ್ವಾಸಿ ಹಾಗೂ ಹಿಮ್ಮಡಿಯ ಗುಟ್ಟು ಕಾಯುವ ಬಾಡಿಗೆದಾರಳು,
ಗಂಗಾದೇವಿ

ಲಗತ್ತುಗಳು:
೧. ಮಾಲೀಕರಿಗೆ ಕೊಡಬೇಕಾದ ಅರ್ಜಿ, ದೊಡ್ಡ ಅಕ್ಷರದಲ್ಲಿ, ಒಂದು ಪುಟ.
೨. ಹರ್ಷಿತಾಳ ತೋಳಿನ ಮೇಲೆ ಅಕ್ಷಯಾಳ ಹಲ್ಲಿನ ಗುರುತು (ಮಾಸುವ ಮೊದಲು ಖುದ್ದಾಗಿ ಬಂದು ನೋಡುವುದು).

ಲಗತ್ತು ೧

ಇಂದ: ಪುಟಾಣಿ ಮನೆಯ ಐದು ಮಕ್ಕಳು.

ಗೆ: ಶ್ರೀ ಮುನಿಆಂಜಿನಪ್ಪನವರು, ಮೂವತ್ತೊಂದು ವರ್ಷ ಅನುಭವವುಳ್ಳ ವಾಲ್ವ್‌ಮನ್.

ವಿಷಯ: ನೀರಿನ ಕೆಲಸ ಕಲಿಸಿಕೊಡುವ ಬಗ್ಗೆ.

ಮಾನ್ಯ ತಾತನವರೇ,

ನೀರು ಆಟದ ಸಾಮಾನಲ್ಲ ಎಂದು ತಾವು ಬಾಗಿಲ ಮೇಲೆ ಬರೆದದ್ದನ್ನು ನಮಗೆ ಓದಿ ಹೇಳಲಾಗಿದೆ. ಆದ್ದರಿಂದ ಆಡುವುದನ್ನು ಬಿಟ್ಟು ಕೆಲಸ ಕಲಿಯಲು ತೀರ್ಮಾನಿಸಿದ್ದೇವೆ. ದಿನಾ ಹತ್ತು ಗಂಟೆಗೆ ತಾವು ಮೋಟಾರ್ ಹಾಕಿದ ಕೂಡಲೇ, ಹಿಂದಿನ ಓಣಿಯಲ್ಲಿ ಕುರ್ಚಿ ಹಾಕಿಕೊಂಡು, ನೀಲಿ ಟಬ್ಬನ್ನು ಮುಂದಿಟ್ಟುಕೊಂಡು, ಟ್ಯಾಂಕ್ ತುಂಬುವವರೆಗೆ ನಮಗೆ ಪಾಠ ಮಾಡಬೇಕು. ಸಲಾಕೆ ತರಬೇಕು. ಟೀಚರ್ ಪಕ್ಕದಲ್ಲೇ ಇರುತ್ತಾರೆ. ತಮ್ಮ ಟೀಯನ್ನು ಅಜ್ಜಿ ಅಲ್ಲಿಗೇ ತಂದುಕೊಡುತ್ತಾರೆ. ಪಾಠದ ನೀರು ಕರಿಬೇವಿನ ಗಿಡಕ್ಕೆ, ತಮ್ಮ ಗೊಬ್ಬರದ ಜೊತೆಗೆ.

ಇಂತಿ ತಮ್ಮ ಕೈಕೆಳಗಿನ ಸಿಬ್ಬಂದಿ,
(ನಾಲ್ಕು ಹೆಬ್ಬೆಟ್ಟು, ಒಂದು ಅಂಗಾಲು)

ವಿ.ಸೂ.: ಟ್ಯಾಂಕ್ ಯಾವಾಗ ತುಂಬುತ್ತದೆಂದು ನಮಗಿನ್ನೂ ತಿಳಿಯದ ಕಾರಣ, “ತಾತಾ, ಮೋಟ್ರು!” ಎಂದು ಹೊತ್ತಲ್ಲದ ಹೊತ್ತಿನಲ್ಲಿ ಕೂಗುವ ಸಂಭವವಿದೆ. ನಾವು ಎಷ್ಟು ಸಲ ಕೂಗಿದರೂ, ಅಷ್ಟೂ ಸಲ ತಾವು ಎದ್ದು ಹೋಗಿ ನೋಡಿಕೊಂಡು ಬರಬೇಕಾಗಿ ವಿನಂತಿ.