ಅತ್ತೆ ಕಾತ್ರಜ ಗೆದ್ದದ್ದು

ದಿಗಂಬರರಾಯರು ಹದಿನೈದೇ ದಿನದಲ್ಲಿ ಸ್ವಾರಗೇಟ, ಸಾಸವಡ ಎಂಬ ಎರಡು ಊರುಗಳನ್ನೂ ಅತ್ತೆಗೆ ಒಪ್ಪಿಸಿ ಕೂತಿದ್ದರು. ಧಾರವಾಡದಿಂದ ಮಗಳ ಮನೆಗೆ ಬಂದಿದ್ದ ಗೌರಾಬಾಯಿ ಊಟವಾದ ಮೇಲೆ ಒಗಟು ಹಾಕುವವರು. ಬಿಡಿಸಲಾಗದೆ ಸೋತವರು ಗೆದ್ದವರಿಗೆ ಬಾಯಿಮಾತಿನಲ್ಲೇ ಒಂದು ಊರು ಕೊಡಬೇಕು. ಅವರ ಮನೆತನದ ಕಾಯಿದೆ ಅದು. ರಾಯರ ಸಾಮ್ರಾಜ್ಯದಲ್ಲಿ ಈಗ ಉಳಿದದ್ದು ತಾವಿರುವ ಕಾತ್ರಜ ಒಂದೇ. ಅದು ಹೋದರೆ ಬಾಲ್ಕನಿಯ ಆರಾಮಕುರ್ಚಿಯೂ ಜೊತೆಗೇ ಹೋಗುತ್ತದೆಂದು ಅತ್ತೆ ಮೊದಲೇ ಸಾರಿದ್ದರು.

ಕುರ್ಚಿ ಹೋದರೆ ರಾಯರಿಗೆ ಉಳಿಗಾಲವಿಲ್ಲ. ಅದರ ಪಕ್ಕದಲ್ಲೇ ಕೆಟ್ಟುಹೋದ ಏರ್ ಕೂಲರ್, ಕೂಲರಿನ ಹೊಟ್ಟೆಯಲ್ಲಿ ಕರದಂಟಿನ ಡಬ್ಬಿ. (ಸಕ್ಕರೆ ಕಾಯಿಲೆಯವರು ಸಿಹಿ ಮುಟ್ಟಕೂಡದೆಂದು ಹೆಂಡತಿ ಶೈಲಶ್ರೀ ಹೊರಡಿಸಿದ್ದ ರಾಜಾಜ್ಞೆಗೆ ರಾಯರು ಕಂಡುಕೊಂಡಿದ್ದ ಉಪಾಯ ಅದು.)

ರವಿವಾರ ಅವರು ಮೊಬೈಲಿನಲ್ಲಿ ಹುಡುಕಿ, ಅಮೆರಿಕದ ಅಪಲೇಚಿಯಾ ಎಂಬ ಗುಡ್ಡಗಾಡಿನ ಒಗಟುಗಳನ್ನು ಹಿಡಿದು ತಂದರು. ಧಾರವಾಡದ ಅತ್ತೆಗೆ ಅವೆಲ್ಲಿ ತಿಳಿಯಬೇಕು!

"ಇದು ಅಮೇರಿಕಾದ ಒಗಟ. ಮನಿ ತುಂಬ ಅದ, ಅಂಗಳ ತುಂಬ ಅದ, ಒಂದು ಚಮಚೆ ತುಂಬಲಿಕ್ಕೆ ಸಿಗೂದಿಲ್ಲ. ಏನ್ರಿ ಅದು?"

"ಹೊಗಿ," ಎಂದರು ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ. "ಅಮೇರಿಕಾದ ಒಲಿಗೂ ಹೊಗಿ ಇರ್ತದಲ್ರೀ."

"ದುಂಡಗ ಅದ, ಆಳ ಅದ, ರಾಜನ ಕುದುರಿ ಎಲ್ಲಾ ಕೂಡಿ ಜಗ್ಗಿದ್ರೂ ಮ್ಯಾಲ ಬರೂದಿಲ್ಲ?"

"ಬಾವಿ. ಮುಂದ?"

ರಾಯರು ಮತ್ತೆ ಮೊಬೈಲು ತಡವಿದರು. ಆಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಆ ಗುಡ್ಡಗಳ ಕಥೆಗಳಲ್ಲಿ ನೇಣಿಗೆ ಹೊರಟವನು ತನಗೊಬ್ಬನಿಗೇ ಗೊತ್ತಿರುವುದನ್ನು ಒಗಟು ಮಾಡಿ ಹಾಕುತ್ತಾನಂತೆ. ಯಾರಿಂದಲೂ ಬಿಡಿಸಲಾಗದೆ ಅವನ ಪ್ರಾಣ ಉಳಿಯುತ್ತದಂತೆ. ರಾಯರು ಗಂಟಲು ಸರಿಮಾಡಿಕೊಂಡರು.

"ಗಾಳಿ ಇಲ್ಲದ ಗಾಳಿಮನಿ, ಒಳಗ ಬೆಲ್ಲದ ದೊರಿ. ದಿನಾ ಸಣ್ಣಾಗ್ತಾನ, ಯಾರಿಗೂ ಕಾಣೂದಿಲ್ಲ. ಯಾರು?"

"ಚಂದ್ರ ಏನ್ರಿ?" ಎಂದಳು ಶೈಲಶ್ರೀ. ಅಲ್ಲ. ಗೌರಾಬಾಯಿ ಅಳಿಯನ ಮುಖವನ್ನೇ ಬಹಳ ಹೊತ್ತು ನೋಡಿದರು.

"ಸೋತೆ ನೋಡ್ರಿ, ಅಳಿಯಂದ್ರ."

ರಾಯರಿಗೆ ಹಿಗ್ಗು ತಡೆಯಲಿಲ್ಲ. "ಕೊಡ್ರಿ ನನ್ನ ಸ್ವಾರಗೇಟ!"

"ಹಂಗ ಕೊಡಲಿಕ್ಕೆ ಬರೂದಿಲ್ಲ. ಉತ್ತರ ಹೇಳ್ರಿ. ಹೇಳಲಿಲ್ಲಂದ್ರ ಒಗಟ ಹಾಕಿದವರು ಸೋತಂಗ."

"ಹೇಳ್ರಿ ಮತ್ತ," ಎಂದು ಶೈಲಶ್ರೀ ಹತ್ತಿರ ಸರಿದು ಕೂತಳು. "ನನಗೂ ತಿಳೀಲಿ."

ರಾಯರು ಹೆಂಡತಿಯ ಮುಖ ನೋಡಿದರು, ಬಾಲ್ಕನಿಯ ಕಡೆ ನೋಡಿದರು. "ಮರತೇಬಿಟ್ಟೆ," ಎಂದರು. ಕಾತ್ರಜ ಹೋಯಿತು.

ಅತ್ತೆ ಸಾವಕಾಶ ಹೋಗಿ ಕುರ್ಚಿಯಲ್ಲಿ ಕೂತರು. ಶೈಲಶ್ರೀ ಅಡಿಗೆಮನೆಗೆ ಹೋದದ್ದೇ ತಡ, ರಾಯರು ಡಬ್ಬಿಯನ್ನಾದರೂ ಉಳಿಸಿಕೊಳ್ಳೋಣವೆಂದು ಬಾಲ್ಕನಿಗೆ ಓಡಿದರು. ಡಬ್ಬಿ ಅತ್ತೆಯ ಮಡಿಲಲ್ಲಿತ್ತು.

"ಉತ್ತರ ಭಾಳ ಛಲೋ ಅದ, ಅಳಿಯಂದ್ರ," ಎಂದರು ಗೌರಾಬಾಯಿ ಅಗಿಯುತ್ತ, ಮೆಲ್ಲನೆಯ ದನಿಯಲ್ಲಿ. "ಹೋದ ವಾರದ ಡಬ್ಬಿ ಸ್ವಲ್ಪ ಗಟ್ಟಿ ಇತ್ತು."