ಐವತ್ತೈದರ ಗುಣಗಾನ

ಬರುವ ನವೆಂಬರ್ ಹನ್ನೊಂದಕ್ಕೆ ನನಗೆ ಅರವತ್ತು ತುಂಬುತ್ತದೆ. ಮನೆಯಲ್ಲಿ ಯಾರೂ ಆ ಸುದ್ದಿ ಎತ್ತುತ್ತಿಲ್ಲ. (ಯಾರೂ ಎಂದರೆ ನನ್ನ ಹೆಂಡತಿ ಹಿಸ್ಕೆ, ಇರುವುದೇ ಇಬ್ಬರು.) ತಪ್ಪು ನನ್ನದೇ. ಮೂವತ್ತು ವರ್ಷ ವೆನ್ಲೊ ಊರಿನ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು ಮನೆಯಲ್ಲೂ ಹೇಳಿಕೊಡಬಾರದಿತ್ತು.

ಐದು ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಹಿಸ್ಕೆಗೆ ಐವತ್ತಾಯಿತು. ನಮ್ಮ ಡಚ್ ವಾಡಿಕೆಯಂತೆ ಐವತ್ತಾದ ಹೆಂಗಸಿನ ಮನೆ ಮುಂದೆ ಸಾರಾ ಎಂಬ ಆಳೆತ್ತರದ ಅಜ್ಜಿ ಗೊಂಬೆ ನಿಲ್ಲಿಸಿ ಬೀದಿಯವರನ್ನೆಲ್ಲ ಕರೆಯಬೇಕು. ಆದರೆ ಮರು ತಿಂಗಳೇ ನನಗೆ ಐವತ್ತೈದು. ಒಂದೇ ಮನೆಗೆ ಎರಡೆರಡು ಮಹೋತ್ಸವ ಅತಿಯಾಯಿತೆಂದು ನನಗೆ ಅನ್ನಿಸಿತು.

"ಐವತ್ತರಲ್ಲಿ ಏನಿದೆ ಹೇಳು, ನೂರರಲ್ಲಿ ಅರ್ಧ, ಅಷ್ಟೆ," ಎಂದೆ. "ಐವತ್ತೈದು ನೋಡು. ಒಂದರಿಂದ ಹತ್ತರವರೆಗೆ ಕೂಡು, ಐವತ್ತೈದು. ಒಂದರಿಂದ ಐದರವರೆಗಿನ ವರ್ಗಗಳನ್ನ ಕೂಡು, ಮತ್ತೆ ಐವತ್ತೈದು. ನೆಲದ ಮೇಲೆ ತ್ರಿಕೋನ ಜೋಡಿಸಬಹುದು, ಮೇಲಕ್ಕೆ ಪಿರಮಿಡ್ ಕಟ್ಟಬಹುದು. ಹಿಂದುಮುಂದಾಗಿ ಓದಿದ್ರೂ ಅದೇ. ಎಲ್ಲಕ್ಕಿಂತ ಹೆಚ್ಚಾಗಿ, ಹನ್ನೊಂದೈದ್ಲೆ."

ಹನ್ನೊಂದು ನಮ್ಮ ಕಡೆ ಹುಚ್ಚರ ಸಂಖ್ಯೆ, ಕಾರ್ನಿವಲ್ ಸಂಖ್ಯೆ. ನಮ್ಮ ಕಾರ್ನಿವಲ್ ಸಂಘಗಳು ಬೆಳ್ಳಿಹಬ್ಬ ಬಿಟ್ಟು ಇಪ್ಪತ್ತೆರಡು, ಮೂವತ್ತಮೂರು ವರ್ಷಕ್ಕೆ ಕುಣಿಯುತ್ತವೆ. ಹಿಸ್ಕೆ ಉತ್ತರದ ಫ್ರೀಸ್ಲಾಂಡಿನವಳು. ಮಾತು ಕಡಿಮೆ, ನೆನಪು ಜಾಸ್ತಿ.

"ಸರಿ ಬಿಡಿ, ನಂದೂ ಐವತ್ತೈದಕ್ಕೇ ಆಗ್ಲಿ," ಎಂದಳು.

ನನ್ನ ಐವತ್ತೈದು ಜೋರಾಗಿ ನಡೆಯಿತು. ಸಂಘದ ಹನ್ನೊಂದು ಮಂದಿ ಗರಿಯ ಟೋಪಿಯಲ್ಲಿ ಬಂದರು, ಬಾಗಿಲಲ್ಲಿ ಬ್ಯಾಂಡ್ ಬಾರಿಸಿತು, ವ್ಲಾಯ್ ಎಂಬ ನಮ್ಮ ಕಡೆಯ ಹಣ್ಣಿನ ಪೈ, ಚೆರಿ ತುಂಬಿದ್ದು, ತಟ್ಟೆಯಗಲದವು ಹನ್ನೊಂದು ಕರಗಿದವು. ಅಷ್ಟನ್ನೂ ಬೇಯಿಸಿದ್ದು ಹಿಸ್ಕೆ.

ವರ್ಷವರ್ಷವೂ ಅದನ್ನೇ ಬಳಸುವ ಹುಟ್ಟುಹಬ್ಬದ ಕ್ಯಾಲೆಂಡರು, ಇಲ್ಲಿನ ಎಲ್ಲರ ಮನೆಯಂತೆ, ನಮ್ಮಲ್ಲೂ ಶೌಚಾಲಯದ ಗೋಡೆಯಲ್ಲಿದೆ. ಅದರಲ್ಲಿ ತನ್ನ ಹೆಸರಿನ ಪಕ್ಕ ಅವಳು ಐವತ್ತೈದರ ಗುಣಗಳನ್ನೆಲ್ಲ ಬರೆದಿಟ್ಟಿದ್ದಳು. ಪ್ರತಿ ಅಕ್ಟೋಬರಿನಲ್ಲೂ ದಿನಾ ಕೂತು ಓದಿದ್ದೇನೆ.

ಈ ವರ್ಷ ಅವಳ ಸರದಿ. ನನ್ನ ಅರವತ್ತೂ ಹತ್ತಿರ ಬಂದಿತ್ತು. ಮೆಲ್ಲಗೆ ರಾಗ ಬದಲಿಸಿದೆ.

"ನೋಡು, ಐವತ್ತೈದು ಅವಿಭಾಜ್ಯ ಅಲ್ಲ, ಪೂರ್ಣ ವರ್ಗವೂ ಅಲ್ಲ. ಅದರೊಳಗಿನ ಭಾಜಕಗಳು ಒಂದು, ಐದು, ಹನ್ನೊಂದು. ಕೂಡಿದ್ರೆ ಬರೀ ಹದಿನೇಳು. ಇಂಥದ್ದಕ್ಕೆ ನ್ಯೂನ ಸಂಖ್ಯೆ ಅಂತಾರೆ."

"ನಿಮ್ಮ ಐವತ್ತೈದಕ್ಕೆ ಎಷ್ಟಿತ್ತು ರೀ?"

"ಹದಿನೇಳೇ," ಎಂದೆ.

ಬ್ಯಾಂಡ್ ಬಂತು, ಗರಿಯ ಟೋಪಿಗಳು ಬಂದವು. ಹನ್ನೊಂದು ವ್ಲಾಯ್ ಈ ಸಲ ನಾನು ಬೇಯಿಸಿದೆ, ಎಂಟು ಹೊತ್ತಿಹೋದವು. ಐವತ್ತೈದು ಮಾಂಸದುಂಡೆಗಳ ಪಿರಮಿಡ್ಡನ್ನೂ ನಾನೇ ಕಟ್ಟಿದೆ. ಹಿಸ್ಕೆ ನಗುತ್ತ ತುದಿಯದನ್ನು ಬಾಯಿಗೆ ಹಾಕಿಕೊಂಡಳು. ಅವಳು ಅಷ್ಟು ನಕ್ಕದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು.

ಮರುದಿನ ಪಾತ್ರೆ ತೊಳೆಯುತ್ತ ವಿಷಯಕ್ಕೆ ಬಂದೆ. "ಅರವತ್ತೂ ಸಾಮಾನ್ಯ ಸಂಖ್ಯೆ ಅಲ್ಲ ಕಣೆ. ಒಂದರಿಂದ ಆರರವರೆಗೆ ಎಲ್ಲದರಿಂದಲೂ ಭಾಗವಾಗೋ ಸಂಖ್ಯೆಗಳಲ್ಲಿ ಇದೇ ಅತಿ ಚಿಕ್ಕದು."

"ಐವತ್ತಕ್ಕೂ ಒಂದು ಗುಣ ಇದೆಯಂತೆ," ಎಂದಳು ಹಿಸ್ಕೆ, ತಟ್ಟೆ ಒರೆಸುತ್ತ. "ಎರಡು ವರ್ಗ ಕೂಡಿಸಿ ಎರಡು ಥರ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ. ಒಂದೂ ನಲವತ್ತೊಂಬತ್ತೂ, ಇಲ್ಲಾ ಇಪ್ಪತ್ತೈದೂ ಇಪ್ಪತ್ತೈದೂ. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು. ಮೂವತ್ತು ವರ್ಷ ಪಾಠ ಮಾಡಿದ್ದೇ ಅದನ್ನು. ನಾಚಿಕೆಯಾಗಿ ಅದೇ ಲೋಟವನ್ನು ಮೂರು ಸಲ ತೊಳೆದೆ.

ಇವತ್ತು ಬೆಳಿಗ್ಗೆ ನೋಡಿದರೆ ಕ್ಯಾಲೆಂಡರಿನಲ್ಲಿ ನವೆಂಬರ್ ಹಾಳೆ ತಿರುಗಿದೆ. ನನ್ನ ಹೆಸರಿನ ಪಕ್ಕ ಹಿಸ್ಕೆಯ ದುಂಡು ಅಕ್ಷರ: "ಅರವತ್ತಾರು. ಒಂದರಿಂದ ಹನ್ನೊಂದರವರೆಗೆ ಕೂಡಿದರೆ ಬರುತ್ತದೆ. ಹಿಂದುಮುಂದಾಗಿ ಓದಿದರೂ ಅದೇ. ಹನ್ನೊಂದಾರ್ಲೆ. ಅಲ್ಲಿಯವರೆಗೆ ಕಾಯುವುದು."

ಕೂತಲ್ಲೇ ಎರಡು ಸಲ ಕೂಡಿ ನೋಡಿದೆ. ಲೆಕ್ಕ ಸರಿಯಾಗಿಯೇ ಇದೆ.