ಓನರ್ ಅಜ್ಜಿ ಕೋಡಿಂಗ್ ಕ್ಲಬ್ಬಿಗೆ ಬಂದದ್ದು

ಪತ್ರಿಕೆಯಲ್ಲಿ ಕೆಲಸ ಮಾಡುವವನು ಯಾರ ಪಕ್ಷವನ್ನೂ ವಹಿಸಬಾರದು ಎಂದು ನಂಬಿದವನು ನಾನು. ಎರಡೂ ಕಡೆಯವರ ಮಾತು ಕೇಳು, ಬರೆದುಕೋ, ಮನೆಗೆ ಹೋಗು. ಕಚೇರಿಯಲ್ಲಿ ಈ ನೀತಿ ನನಗೆ ಒಳ್ಳೆಯ ಹೆಸರನ್ನೇ ತಂದಿದೆ. ಕಷ್ಟವೆಂದರೆ, ಹಾಗೆ ಮನೆಗೆ ಹೋದಾಗ ಅಲ್ಲಿ ಸುಮಾ ಇರುತ್ತಾಳೆ. ನಿಷ್ಪಕ್ಷಪಾತಿ ಗಂಡನನ್ನು ಯಾವ ಹೆಂಡತಿಯೂ ಸಹಿಸುವುದಿಲ್ಲ. ಆಕೆ ಟೀಚರೂ ಆಗಿದ್ದರೆ ಕೇಳುವುದೇ ಬೇಡ.

ಸುಮಾ ತನ್ನ ಶಾಲೆಯಲ್ಲಿ ಹುಡುಗಿಯರಿಗೆಂದೇ ಒಂದು ಕೋಡಿಂಗ್ ಕ್ಲಬ್ ಶುರುಮಾಡಿದಳು. ಶನಿವಾರ, ಶಾಲೆ ಬಿಟ್ಟ ಮೇಲೆ. ಮೌಸ್ ಕಿತ್ತುಕೊಳ್ಳಲು ಹುಡುಗರಿಲ್ಲದಿದ್ದರೆ ಹುಡುಗಿಯರು ಧೈರ್ಯವಾಗಿ ತಪ್ಪು ಮಾಡುತ್ತಾರೆ, ತಪ್ಪು ಮಾಡದೆ ಕೋಡಿಂಗ್ ಬರುವುದಿಲ್ಲ ಎಂಬುದು ಅವಳ ಸಿದ್ಧಾಂತ. ಆ ಹುಡುಗಿಯರಲ್ಲೆಲ್ಲ ಚುರುಕಾದವಳು ಎಂಟನೇ ಕ್ಲಾಸಿನ ಭೂಮಿಕಾ, ನಮ್ಮ ಮನೆ ಓನರ್ ನಂಜಮ್ಮನವರ ಮೊಮ್ಮಗಳು. ಮಲ್ಲತ್ತಹಳ್ಳಿಯಲ್ಲಿ ಅವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮಹಡಿ ಮನೆ ಬೆಳೆದಿದೆ. ಕೆಳಗೆ ಅವರು, ಮೇಲೆ ನಾವು.

ನಂಜಮ್ಮನವರು ಕ್ಲಬ್ಬಿಗೆ ಅಡ್ಡ ಬಂದರು. ಬೆಲ್ ಹೊಡೆದ ಮೇಲೂ ಮಕ್ಕಳು ಖುಷಿಯಾಗಿ ಶಾಲೆಯಲ್ಲಿ ಕೂರುತ್ತಾರೆಂದರೆ ಅಲ್ಲಿ ನಡೆಯುವುದು ಪಾಠವಲ್ಲ, ಆಟ ಎಂದು ಅವರ ಗುಮಾನಿ. ತರ್ಕದಲ್ಲಿ ನನಗೆ ದೋಷ ಕಾಣಲಿಲ್ಲ. ಆದರೆ ಭೂಮಿಕಾ ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತಳು, ಸುಮಾ ನನ್ನ ಕಡೆ ನೋಡಿದಳು, ನನ್ನ ನಿಷ್ಪಕ್ಷಪಾತ ಅಲ್ಲಿಗೆ ಮುಗಿಯಿತು. ಕೆಳಗಿಳಿದು, ಅದು ಅಪ್ಪಟ ಪಾಠ, ಗಣಿತಕ್ಕೆ ಹತ್ತಿರದ ಸಂಬಂಧ ಎಂದು ವಾದಿಸಿದೆ. ಖಚಿತಪಡಿಸಿಕೊಳ್ಳದೆ ಒಂದು ಸಾಲನ್ನೂ ಬರೆಯಬೇಡಿ ಎಂದು ಕಿರಿಯರಿಗೆ ದಿನವೂ ಹೇಳುವವನು, ಕ್ಲಬ್ಬಿನಲ್ಲಿ ಏನು ನಡೆಯುತ್ತದೆಂದು ಹೆಂಡತಿಯನ್ನೂ ಕೇಳಿರಲಿಲ್ಲ.

"ನಾನೇ ಬಂದು ನೋಡ್ತೀನಿ ಕಣಪ್ಪಾ" ಎಂದರು ನಂಜಮ್ಮನವರು. "ಪಾಠ ಆದ್ರೆ ಇರ್ಲಿ. ಆಟ ಆದ್ರೆ ಹುಡ್ಗೀನ ಅಲ್ಲಿಂದ್ಲೇ ಕರ್ಕೊಂಡ್ ಬರ್ತೀನಿ."

ಶನಿವಾರ ನನ್ನ ಸ್ಕೂಟರಿನಲ್ಲೇ ಬಂದರು. ಚಪ್ಪಲಿ ಬಿಟ್ಟು ದೇವಸ್ಥಾನ ಹೊಕ್ಕಂತೆ ಲ್ಯಾಬಿನೊಳಗೆ ಹೋದರು. ಭೂಮಿಕಾಳ ಕಂಪ್ಯೂಟರಿನಲ್ಲಿ ಆಕಾಶದಿಂದ ಅವರೆಕಾಳು ಸುರಿಯುತ್ತಿತ್ತು. ಕೆಳಗೊಂದು ಮೊರ ಅತ್ತಿಂದಿತ್ತ ಓಡಾಡುತ್ತಿತ್ತು. ಮೊರಕ್ಕೆ ಕಾಳು ಬಿದ್ದರೆ ಪಾಯಿಂಟು, ಹುಳ ಬಿದ್ದರೆ ಔಟು. ಆಟ. ಸಂಶಯಕ್ಕೆ ಎಡೆಯೇ ಇಲ್ಲದಂಥ ಆಟ. ನಾನು ಮನಸ್ಸಿನಲ್ಲೇ ಬೇರೆ ಬಾಡಿಗೆ ಮನೆ ಹುಡುಕುತ್ತಾ ಚಂದ್ರಾ ಲೇಔಟ್ ಮುಗಿಸಿ ಆಗಲೇ ಕೆಂಗೇರಿ ತಲುಪಿದ್ದೆ.

ಅಷ್ಟರಲ್ಲಿ ಹುಳ ಬಿತ್ತು, ಎಲ್ಲ ನಿಂತಿತು.

"ಯಾಕೇ ನಿಂತೋಯ್ತು?" ಎಂದರು ನಂಜಮ್ಮನವರು.

"ಹುಳ ಬಂತಲ್ಲಜ್ಜಿ, ಔಟು."

"ಒಂದ್ ಹುಳಕ್ಕೆ ಮೊರಾನೇ ಎಸೀತಾರೇನೇ? ತೆಗ್ದಾಕಿ ಮುಂದಕ್ಕೆ ಹೋಗ್ಬೇಕು. ಸರಿ ಮಾಡು."

ಭೂಮಿಕಾ ಸರಿ ಮಾಡಲು ಕುಳಿತಳು. ಮೊದಲು ಹುಳ ಉಳಿದು ಕಾಳೆಲ್ಲ ಮಾಯವಾಯಿತು. ಆಮೇಲೆ ಮೊರವೇ ಮೇಲಕ್ಕೆ ಹಾರಿ ಹೋಯಿತು. ಹುಡುಗಿಯರೆಲ್ಲ ತಮ್ಮ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ನಕ್ಕರು, ಸಲಹೆ ಕೊಟ್ಟರು, ಯಾರ ಸಲಹೆ ಸರಿ ಎಂದು ಜಗಳವಾಡಿದರು. ತಪ್ಪು ಮಾಡಿಯೇ ಕಲಿಯಲಿ ಎಂದು ಸುಮಾ ದೂರವೇ ನಿಂತಳು. ಕೊನೆಗೆ ಹುಳ ಬಿದ್ದರೂ ಒಂದೇ ಪಾಯಿಂಟು ಹೋಗಿ ಮೊರ ಮುಂದೆ ಓಡಿದಾಗ ಎದ್ದ ಕೂಗಿಗೆ ಕಾವಲುಗಾರ ಓಡಿ ಬಂದ. ನಂಜಮ್ಮನವರು ಮೊಮ್ಮಗಳನ್ನು ಎಬ್ಬಿಸಿ ತಾವೇ ಕುರ್ಚಿ ಹಿಡಿದರು. ಹುಡುಗಿಯರು "ಎಡಕ್ಕಜ್ಜಿ, ಬಲಕ್ಕಜ್ಜಿ" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಾವಲುಗಾರನೂ "ಬಲಕ್ಕೆ" ಎಂದ. ಹೊರಡುವ ಮಾತನ್ನು ಯಾರೂ ಎತ್ತಲಿಲ್ಲ.

ವಾಪಸು ಬರುವಾಗ ಸ್ಕೂಟರಿನ ಹಿಂದಿನಿಂದ ತೀರ್ಪು ಬಂತು.

"ಅದು ಆಟಾನೇ ಕಣಪ್ಪಾ, ನೀನು ಸುಳ್ಳು ಹೇಳ್ದೆ. ಆದ್ರೆ ನಮ್ ಹುಡ್ಗಿ ಅದನ್ನ ಕಟ್ತಾ ಇದಾಳೆ. ಆಡ್ತಾ ಇದ್ದೋಳು ನಾನು. ಹೋಗ್ಲಿ ಬಿಡು, ಅವ್ಳು ಬರ್ತಾ ಇರ್ಲಿ."

ಈಗ ಭೂಮಿಕಾ ಹೊಸದೊಂದು ಆಟ ಕಟ್ಟಿದ್ದಾಳೆ. ಮಹಡಿ ಮೇಲಿನ ಬಾಡಿಗೆದಾರನೊಬ್ಬ ನೀರಿನ ಮೋಟರ್ ಹಾಕಿ ಮರೆತುಬಿಡುತ್ತಾನೆ. ಟ್ಯಾಂಕು ತುಂಬಿ ಹರಿಯುವ ಮುಂಚೆ ಮೆಟ್ಟಿಲಿಳಿದು ಸ್ವಿಚ್ ಆರಿಸಬೇಕು. ತಡವಾದರೆ ನಂಜಮ್ಮನವರ ಸ್ವಂತ ಧ್ವನಿಯಲ್ಲಿ ಬೈಗುಳ ಕೇಳಿಸುತ್ತದೆ. ಅವರು ಅಗತ್ಯಕ್ಕಿಂತ ಹೆಚ್ಚೇ ರೆಕಾರ್ಡ್ ಮಾಡಿಕೊಟ್ಟಿದ್ದಾರೆ. ಬಾಡಿಗೆದಾರನಿಗೆ ಕನ್ನಡಕವಿದೆ, ಕೈಯಲ್ಲಿ ಪೇಪರಿದೆ. ಹೋಲಿಕೆ ಬರಿಯ ಕಾಕತಾಳೀಯ ಎಂದು ಸುಮಾ ನಗು ತಡೆದುಕೊಂಡು ಹೇಳಿದಳು. ನಾನು ಎಷ್ಟು ಸಲ ಆಡಿದರೂ ಟ್ಯಾಂಕು ಹರಿದು ಬೈಗುಳ ಕೇಳುವುದು ತಪ್ಪಲಿಲ್ಲ. ಕೊನೆಗೆ ಭೂಮಿಕಾಳನ್ನು ಕರೆದು, ಆ ಮನುಷ್ಯನ ವೇಗ ತೀರ ಕಡಿಮೆಯಾಯಿತು, ಸ್ವಲ್ಪ ಜಾಸ್ತಿ ಮಾಡಮ್ಮ ಎಂದು ಕೇಳಿಕೊಂಡೆ.

"ಅಂಕಲ್," ಎಂದಳು ಅವಳು, "ನಿಜಕ್ಕಿಂತ ಜಾಸ್ತೀನೇ ಇಟ್ಟಿದೀನಿ."